ಲಿಕ್ವಿಡ್ ಲ್ಯಾಟೆಕ್ಸ್: ಗಾಯಕ್ಕೆ ಸೈ, ಮುಪ್ಪಿಗೆ ಅರೆಮನಸ್ಸು, ಮೀಸೆಗೆ ಬೇಡ

ಮುಖಕ್ಕೆ ಬಳಿಯುವ ಪ್ಯಾನ್‌ಕೇಕ್ ಬಣ್ಣ, ಕೂದಲು ಅಂಟಿಸುವ ಸ್ಪಿರಿಟ್ ಗಮ್, ಮೀಸೆ-ಗಡ್ಡ ಮಾಡುವ ಕ್ರೇಪ್ ಕೂದಲು, ಕಾಡಿಗೆಗಳ ಜೊತೆಗೆ ಹವ್ಯಾಸಿ ರಂಗತಂಡಗಳ ಪ್ರಸಾಧನ ಪೆಟ್ಟಿಗೆಯಲ್ಲಿ ಈಚಿನ ವರ್ಷಗಳಲ್ಲಿ ಲಿಕ್ವಿಡ್ ಲ್ಯಾಟೆಕ್ಸ್‌ನ ಸೀಸೆಯೊಂದು ಕಾಯಂ ಆಗಿ ಸೇರಿಕೊಂಡಿದೆ. ಹಾಲಿನಂತೆ ಬೆಳ್ಳಗಿರುವ, ಮುಚ್ಚಳ ತೆರೆದೊಡನೆ ಅಮೋನಿಯಾದ ಘಾಟು ಮೂಗಿಗೆ ಬಡಿಯುವ ಈ ದ್ರವವನ್ನು ಕೊಂಡವರಲ್ಲಿ ಅನೇಕರು ಇದೊಂದು ಅಗ್ಗದ ಗೋಂದು ಎಂದೇ ತಿಳಿದಿದ್ದಾರೆ. ಮೀಸೆ ಅಂಟಿಸುವುದಕ್ಕೆ, ಗಡ್ಡದ ಅಂಚು ಕೂರಿಸುವುದಕ್ಕೆ ಇದನ್ನೇ ಬಳಸಿ, ಎರಡನೆಯ ಅಂಕದ ಹೊತ್ತಿಗೆ ಮೀಸೆ ಜೋತುಬಿದ್ದಾಗ ಸರಕೇ ಸರಿಯಿಲ್ಲವೆಂದು ದೂರುತ್ತಾರೆ. ಕರಾವಳಿಯ ನಾಟಕ ತಂಡಗಳಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಶಿಬಿರಗಳ ಅಣಕು ಪ್ರದರ್ಶನಗಳಿಗೂ ಗಾಯ, ಸುಟ್ಟಕಲೆ, ಮುಪ್ಪುಗಳನ್ನು ಮಾಡಿಕೊಡುವ ಕೆಲಸದಲ್ಲಿ ನಾನು ಈ ವಸ್ತುವನ್ನು ಹಲವು ವರ್ಷಗಳಿಂದ ಬಳಸುತ್ತ ಬಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಚರ್ಮದ ಮೇಲೆ ಹುಸಿ ಚರ್ಮವೊಂದನ್ನು ಹೊದಿಸುವ ಕೆಲಸಕ್ಕೆ, ಈ ಬೆಲೆಗೆ, ಇದಕ್ಕಿಂತ ಒಳ್ಳೆಯ ಸಾಮಗ್ರಿಯನ್ನು ನಾನು ಕಂಡಿಲ್ಲ, ಉಳಿದ ಯಾವ ಕೆಲಸಕ್ಕೂ ಇದನ್ನು ನೆಚ್ಚಿಕೊಳ್ಳಬಾರದು.

ಸೀಸೆಯೊಳಗೆ ಇರುವುದೇನು ಎಂಬುದು ಗೊತ್ತಾದರೆ ಈ ಮಾತಿನ ಕಾರಣವೂ ಗೊತ್ತಾಗುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ತೋಟಗಳಲ್ಲಿ ಮುಂಜಾನೆ ಮರದ ತೊಗಟೆಗೆ ಓರೆಯಾಗಿ ಗೀರು ಹಾಕಿ ಇಳಿಸುವ ರಬ್ಬರ್ ಹಾಲೇ ಇದರ ಮೂಲ. ಮರದಿಂದ ಇಳಿದ ಹಾಲಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ರಬ್ಬರ್. ಉಳಿದದ್ದು ಬಹುತೇಕ ನೀರು. ರಬ್ಬರು ಅತಿ ಸಣ್ಣ ಕಣಗಳಾಗಿ ಆ ನೀರಿನಲ್ಲಿ ತೇಲುತ್ತಿರುತ್ತದೆ, ಕಣಗಳನ್ನು ಸುತ್ತಿರುವ ಪ್ರೋಟೀನು ಮತ್ತು ಕೊಬ್ಬಿನಂಶದ ತೆಳುವಾದ ಹೊದಿಕೆ ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಾಗಳು ಹುಳಿ ಹುಟ್ಟಿಸಿ, ಕೆಲವೇ ಗಂಟೆಗಳಲ್ಲಿ ಹಾಲು ಹೆಪ್ಪಾಗಿಬಿಡುತ್ತದೆ. ಅದಕ್ಕೆ ಅಮೋನಿಯಾ ಬೆರೆಸುತ್ತಾರೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ನೀರಿನಂಶವನ್ನು ಇಳಿಸಿದ ಸಾಂದ್ರ ಲ್ಯಾಟೆಕ್ಸ್‌ನಲ್ಲಿ ರಬ್ಬರ್ ಶೇ. 60ರಷ್ಟಿರುತ್ತದೆ, ಇದರಲ್ಲಿ ಹೆಚ್ಚು ಅಮೋನಿಯಾದ್ದು ಮತ್ತು ಕಡಿಮೆ ಅಮೋನಿಯಾದ್ದು ಎಂಬ ಎರಡು ಬಗೆಗಳು ರೂಢಿಯಲ್ಲಿವೆ. ಮೊದಲನೆಯದರಲ್ಲಿ ಅಮೋನಿಯಾ ಶೇ. 0.6 ಅಥವಾ ಅದಕ್ಕೂ ಹೆಚ್ಚು, ಎರಡನೆಯದರಲ್ಲಿ ಶೇ. 0.2ರ ಆಸುಪಾಸು. ಮುಖಕ್ಕೆ ಹಚ್ಚುವವರಿಗೆ ಎರಡನೆಯ ಬಗೆಯೇ ತಕ್ಕದ್ದು.

ಚರ್ಮದ ಮೇಲೆ ತೆಳ್ಳಗೆ ಹರಡಿದಾಗ ನೀರೂ ಅಮೋನಿಯಾವೂ ಆರಿಹೋಗಿ, ಕಣಗಳು ಒತ್ತೊತ್ತಾಗಿ ಬೆಸೆದು ಎಳೆದರೆ ಹಿಗ್ಗುವ ಪೊರೆಯಾಗುತ್ತವೆ. ಹಸಿಯಿರುವಾಗ ಬೆಳಕನ್ನು ಚೆದುರಿಸಿ ಬೆಳ್ಳಗೆ ಕಾಣುವ ಲೇಪ, ಒಣಗಿದ ಮೇಲೆ ಅರೆಪಾರದರ್ಶಕವಾಗಿ, ತುಸು ಹಳದಿ ಛಾಯೆಗೆ ತಿರುಗುತ್ತದೆ. ಎಲ್ಲಿಯೂ ಬಿಳಿ ಉಳಿದಿಲ್ಲವೆಂದಾಗ ಮುಂದಿನ ಪದರಕ್ಕೆ ಕೈಹಾಕಬಹುದು, ಅದಕ್ಕಿಂತ ಮೊದಲು ಕೂಡದು. ಹೀಗೆ ಹುಟ್ಟಿದ ಪೊರೆ ತನ್ನನ್ನು ತಾನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆದರೆ ಕೆಳಗಿನ ಚರ್ಮವನ್ನು ಸಡಿಲವಾಗಿ ಮಾತ್ರ ಹಿಡಿಯುತ್ತದೆ. ಅಗಲವಾದ ಜಾಗದಲ್ಲಿ ಹರಡಿಕೊಂಡಾಗ ಆ ಸಡಿಲ ಹಿಡಿತವೇ ಸಾಕಾಗುತ್ತದೆ; ಮೇಲ್ದುಟಿಯಂತಹ ಕಿರಿದಾದ, ಮಾತಿಗೊಮ್ಮೆ ಅಲುಗುವ, ಉಸಿರಿನ ತೇವ ತಾಗುವ ಜಾಗದಲ್ಲಿ ಅದು ಸಾಲುವುದಿಲ್ಲ. ಮೀಸೆಗೆ ಸ್ಪಿರಿಟ್ ಗಮ್ ಇದೆ, ಹೆಚ್ಚು ಬೆವರುವವರಿಗೆ ಪ್ರೋಸ್-ಏಯ್ಡ್‌ನಂತಹ ಅಕ್ರಿಲಿಕ್ ಅಂಟುಗಳಿವೆ. ಆ ಕೆಲಸವನ್ನು ಅವುಗಳಿಗೇ ಬಿಡುವುದು ಮೇಲು.

ಕೊಳ್ಳುವಾಗಿನ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 1945ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಕ್ರಯೋಲಾನ್, 1927ರಿಂದ ನಡೆದುಬಂದಿರುವ ಅಮೆರಿಕದ ಮೆಹ್ರಾನ್ ಮುಂತಾದ ರಂಗಪ್ರಸಾಧನದ ಕಂಪನಿಗಳು ಚರ್ಮದ ಮೇಲೆ ಬಳಸುವುದಕ್ಕೆಂದೇ ತಯಾರಿಸಿದ ಲ್ಯಾಟೆಕ್ಸ್‌ನ್ನು ಸಣ್ಣ ಸೀಸೆಗಳಲ್ಲಿ ಮಾರುತ್ತವೆ. ಇನ್ನೊಂದು ಕಡೆ, ಅಚ್ಚು ತೆಗೆಯುವುದಕ್ಕೆ, ಮುಖವಾಡ ಎರೆಯುವುದಕ್ಕೆ, ಕರಕುಶಲ ಕೆಲಸಕ್ಕೆ ಎಂದು ಕ್ಯಾನುಗಳಲ್ಲಿ ಬರುವ ಲ್ಯಾಟೆಕ್ಸ್ ಇದೆ. ಅದರ ಬೆಲೆ ಎಷ್ಟೋ ಪಾಲು ಕಡಿಮೆಯಾದ್ದರಿಂದ, ಚಂದಾ ಎತ್ತಿ ನಾಟಕ ಆಡುವ ತಂಡಗಳ ಕಣ್ಣು ಸಹಜವಾಗಿ ಅತ್ತಲೇ ಹೋಗುತ್ತದೆ. ಆದರೆ ಈ ಎರಡನೆಯ ಬಗೆಯ ಲ್ಯಾಟೆಕ್ಸ್ ಅನೇಕ ವೇಳೆ ಮೊದಲೇ ವಲ್ಕನೀಕರಿಸಿದ್ದು, ಅಂದರೆ ರಬ್ಬರ್ ಗಟ್ಟಿಮುಟ್ಟಾಗುವಂತೆ ಸಂಸ್ಕರಿಸಿದ್ದು ಆಗಿರುತ್ತದೆ: ಅದರಲ್ಲಿ ಗಂಧಕ, ಸತುವಿನ ಆಕ್ಸೈಡ್, ಮತ್ತು ಆ ಕ್ರಿಯೆಯನ್ನು ಚುರುಕುಗೊಳಿಸುವ ರಾಸಾಯನಿಕಗಳು ಸೇರಿರುತ್ತವೆ. ರಬ್ಬರ್ ಕೈಗವಸು ಹಾಕಿಕೊಂಡವರಲ್ಲಿ ಒಂದೆರಡು ದಿನಗಳ ನಂತರ ಕಾಣಿಸಿಕೊಳ್ಳುವ ತುರಿಕೆಯ ಗುಳ್ಳೆಗಳಿಗೆ ಬಹಳ ಸಲ ಈ ವೇಗವರ್ಧಕಗಳೇ ಕಾರಣ. ಅಮೋನಿಯಾವೂ ಅದರಲ್ಲಿ ಹೆಚ್ಚಾಗಿರಬಹುದು. ಮುಖವಾಡಕ್ಕೆ ಅದನ್ನು ಧಾರಾಳವಾಗಿ ಬಳಸಲಿ, ಮುಖಕ್ಕೆ ಬೇಡ.

ನಮ್ಮ ಕಡೆ ಇನ್ನೂ ಒಂದು ಪ್ರಶ್ನೆ ಏಳುತ್ತದೆ. ತಂಡದಲ್ಲಿ ಯಾರಾದರೊಬ್ಬರ ಮನೆಯಲ್ಲಿ ರಬ್ಬರ್ ತೋಟ ಇದ್ದೇ ಇರುತ್ತದೆ, ಮತ್ತು ಅವರು “ಗೆರಟೆ ತುಂಬ ಹಾಲು ದಿನಾ ಇಳಿಯುತ್ತದೆ, ಸೀಸೆಗೆ ಯಾಕೆ ದುಡ್ಡು ಕೊಡುತ್ತೀರಿ ಮಾರಾಯ್ರೇ” ಎಂದು ಕೇಳಿಯೇ ಕೇಳುತ್ತಾರೆ. ಮರದಿಂದ ನೇರವಾಗಿ ಬಂದ ಹಾಲಿನಲ್ಲಿ ತೊಗಟೆಯ ಚೂರು, ಇರುವೆ, ಮಳೆನೀರು ಎಲ್ಲವೂ ಇರುತ್ತವೆ. ಅಮೋನಿಯಾ ಹಾಕದಿದ್ದರೆ ಮಧ್ಯಾಹ್ನದೊಳಗೆ ಗಟ್ಟಿಯಾಗುತ್ತದೆ, ಅಂದಾಜಿನಲ್ಲಿ ಹಾಕಿದರೆ ಚರ್ಮ ಉರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲರ್ಜಿ ಹುಟ್ಟಿಸುವ ಪ್ರೋಟೀನುಗಳು ಅದರಲ್ಲಿ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. ಆ ಹಾಲು ಶೀಟು ಆಗಿ ಹೊಗೆಗೂಡಿಗೆ ಹೋಗುವುದೇ ಸರಿ.

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಂಡ ಸೀಸೆಯನ್ನು ಪ್ರದರ್ಶನದ ದಿನದವರೆಗೆ ಮುಚ್ಚಿಡಬಾರದು, ಬಂದ ದಿನವೇ ತೆರೆದು ನೋಡಬೇಕು. ಬಿಸಿಲಿನಲ್ಲಿ, ಗೋದಾಮಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಇದ್ದ ಸರಕಿನಲ್ಲಿ ಮೊಸರಿನ ಗಡ್ಡೆಯಂತಹ ಉಂಡೆಗಳು ಕಟ್ಟಿರುತ್ತವೆ. ಒಂದು ಆನ್‌ಲೈನ್ ಮಾರಾಟಗಾರರಿಂದ ನನಗೆ ಬಂದ ಸೀಸೆಯನ್ನು ಅಲುಗಿಸಿದರೆ ಒಳಗೆ ಗಟ್ಟಿಯಾದದ್ದೊಂದು ಬಡಿಯುವುದು ಕೇಳಿಸುತ್ತಿತ್ತು. ಹಿಂದಿರುಗಿಸುವ ಅವಧಿ ಮುಗಿದಿರಲಿಲ್ಲವಾದ್ದರಿಂದ ಹಣ ಉಳಿಯಿತು. ವಾಸನೆಯೂ ಒಂದು ಪರೀಕ್ಷೆ. ಅಮೋನಿಯಾದ ಘಾಟು ಸಹಜ, ಅದು ಇರಬೇಕಾದದ್ದೇ. ಅದರ ಬದಲು ಕೊಳೆತ ವಾಸನೆ ಬಂದರೆ ಆ ಲ್ಯಾಟೆಕ್ಸ್ ಕೆಟ್ಟಿದೆ ಎಂದು ತಿಳಿಯಬೇಕು. ಹಚ್ಚಿ ಒಣಗಿಸಿದ ಪೊರೆಯನ್ನು ಎರಡು ಬೆರಳುಗಳಲ್ಲಿ ಎಳೆದಾಗ ಹಿಗ್ಗದೆ ಹರಿದುಹೋದರೂ ಅದೇ ತೀರ್ಮಾನ.

ಈಗ ಇದರ ನಿಜವಾದ ಬಲದ ಬಗ್ಗೆ, ಅಂದರೆ ಗಾಯದ ಬಗ್ಗೆ. ಮುಂಗೈ ಮೇಲೆ ಸುಟ್ಟು ಚರ್ಮ ಸುಲಿದ ಗಾಯವೊಂದನ್ನು ಮಾಡಬೇಕೆಂದಿಟ್ಟುಕೊಳ್ಳೋಣ. ಚರ್ಮವನ್ನು ಸಾಬೂನಿನಿಂದ ತೊಳೆದು ಎಣ್ಣೆಯ ಪಸೆ ಹೋಗುವಂತೆ ಒರೆಸಿ, ಬೇಕಾದಷ್ಟು ಲ್ಯಾಟೆಕ್ಸ್‌ನ್ನು ಮಾತ್ರ ಒಂದು ಪ್ಲಾಸ್ಟಿಕ್ ಬಟ್ಟಲಿಗೆ ಬಗ್ಗಿಸಿಕೊಂಡು, ಸ್ಪಂಜಿನ ತುಂಡಿನಿಂದ ತಟ್ಟಿ ತಟ್ಟಿ ಮೊದಲ ಪದರವನ್ನು ಹಚ್ಚಬೇಕು. ಎಳೆದು ಸವರಿದರೆ ಪೊರೆ ಅರ್ಧ ಒಣಗಿದಲ್ಲಿ ಸುರುಳಿ ಸುತ್ತಿಕೊಂಡು ಏಳುತ್ತದೆ. ಪದರ ಇನ್ನೂ ಹಸಿಯಿರುವಾಗಲೇ ಟಿಶ್ಯೂ ಕಾಗದದ ಒಂದೇ ಒಂದು ಪದರವನ್ನು ಬಿಡಿಸಿ, ಕತ್ತರಿ ಮುಟ್ಟಿಸದೆ ಕೈಯಿಂದ ಹರಿದು, ಅದರ ಮೇಲೆ ಕೂರಿಸಬೇಕು. ಹರಿದ ಕಾಗದದ ನವಿರಾದ ನಾರುಗಳು ಚರ್ಮದೊಳಗೆ ಕರಗಿದಂತೆ ಕಾಣುತ್ತವೆ, ಕತ್ತರಿಸಿದ ಅಂಚಾದರೆ ಹಿಂದಿನ ಸಾಲಿನವರಿಗೂ ಗೆರೆಯಾಗಿ ಕಾಣುತ್ತದೆ. ಕಾಗದದ ಮೇಲೆ ಮತ್ತೆ ಲ್ಯಾಟೆಕ್ಸ್, ಅದು ಒಣಗಿದ ಮೇಲೆ ಇನ್ನೊಂದು ಕಾಗದ, ಹೀಗೆ ಮೂರು ನಾಲ್ಕು ಪದರಗಳು. ಪ್ರತಿ ಪದರವೂ ಹಿಂದಿನದಕ್ಕಿಂತ ತುಸು ಕಿರಿದಾಗಿರಬೇಕು, ಹೊರ ಅಂಚಿನಲ್ಲಿ ಕಾಗದವಿಲ್ಲದ ಬರೀ ಲ್ಯಾಟೆಕ್ಸ್ ಉಳಿಯಬೇಕು. ಅಂಚು ತೆಳುವಾದಷ್ಟೂ ಗಾಯ ನಿಜವಾಗುತ್ತದೆ ಎಂಬುದನ್ನು ಕಲಿಯುವುದಕ್ಕೇ ಹೊಸಬರಿಗೆ ಸಮಯ ಹಿಡಿಯುತ್ತದೆ.

ಎಲ್ಲ ಒಣಗಿದ ಮೇಲೆ ಮೇಲ್ಮೈಗೆ ಟಾಲ್ಕಂ ಪೌಡರ್ ಉದುರಿಸುವುದನ್ನು ಮರೆಯಬಾರದು. ಒಣಗಿದ ಲ್ಯಾಟೆಕ್ಸ್ ತನಗೆ ತಾನೇ ಅಂಟಿಕೊಂಡರೆ ಬಿಡಿಸುವುದು ಅಸಾಧ್ಯ. ನಟ ಮೊಣಕೈ ಮಡಚಿದ ಕ್ಷಣದಲ್ಲಿ ಅರ್ಧ ಗಂಟೆಯ ಕೆಲಸ ಮುದ್ದೆಯಾಗುತ್ತದೆ. ಪೌಡರ್ ಹಾಕಿದ ನಂತರ ಮಧ್ಯಭಾಗವನ್ನು ಚಿಮಟಿಗೆಯಿಂದ ಮೇಲಕ್ಕೆತ್ತಿ ಹರಿಯಬೇಕು. ಆಗ ಸುಲಿದ ಚರ್ಮದಂತೆ ಅಂಚುಗಳು ಹೊರಳಿ ನಿಲ್ಲುತ್ತವೆ, ನಡುವೆ ತೆರೆದ ಕುಳಿಯಲ್ಲಿ ನಿಜವಾದ ಚರ್ಮ ಕಾಣುತ್ತದೆ. ಆ ಕುಳಿಗೆ ಮೊದಲು ಗಾಢ ಕೆಂಪು, ಆಳಕ್ಕೆ ನೇರಳೆ ಬೆರೆತ ಕಪ್ಪು, ಅಂಚಿನ ಸುತ್ತ ಉರಿಯೂತದ ತಿಳಿಗೆಂಪು, ಅಲ್ಲಲ್ಲಿ ಕೀವಿನ ಹಳದಿಯ ಸುಳಿವು. ಗ್ಲಿಸರಿನ್ ಬೆರೆಸಿದ ಕೃತಕ ರಕ್ತವನ್ನು ಕುಳಿಯಲ್ಲಿ ತುಸುವೇ ನಿಲ್ಲಿಸಿದರೆ ಹಸಿಗಾಯದ ಹೊಳಪು ಬರುತ್ತದೆ. ಸಿಡುಬಿನ ಕಲೆಯಂತಹ ಒರಟು ಚರ್ಮ ಬೇಕಾದಲ್ಲಿ ಲ್ಯಾಟೆಕ್ಸ್‌ಗೆ ಚಿರೋಟಿ ರವೆಯನ್ನು ಕಲಸಿ ಹಚ್ಚುತ್ತೇನೆ, ಒಣಗಿದ ಹಕ್ಕಳೆಗೆ ಕಾಫಿ ಪುಡಿ ಉದುರಿಸುತ್ತೇನೆ. ಎರಡೂ ಅಡುಗೆಮನೆಯಿಂದಲೇ ಸಿಗುತ್ತವೆ, ಎರಡೂ ದುಬಾರಿ ಸಾಮಗ್ರಿಗಳಿಗಿಂತ ಚೆನ್ನಾಗಿ ಕಾಣುತ್ತವೆ. ಪ್ರಥಮ ಚಿಕಿತ್ಸೆಯ ಶಿಬಿರದಲ್ಲಿ ಇಂತಹ ಗಾಯವನ್ನು ಎದುರಿಗಿಟ್ಟುಕೊಂಡ ಕಲಿಕೆಯವರು ಬ್ಯಾಂಡೇಜು ಸುತ್ತುವ ಕೈಯನ್ನು ತಾವಾಗಿಯೇ ಹಗುರ ಮಾಡುವುದನ್ನು ನೋಡಿದಾಗ, ಸೀಸೆಗೆ ಕೊಟ್ಟ ಹಣದ ಬಗ್ಗೆ ನನಗೆ ಯಾವ ತಕರಾರೂ ಉಳಿಯುವುದಿಲ್ಲ.

ಬಣ್ಣದ ವಿಷಯದಲ್ಲಿ ಒಂದು ತೊಡಕಿದೆ. ಸಾಮಾನ್ಯ ಗ್ರೀಸ್ ಪೇಂಟಿನಲ್ಲಿರುವ ಎಣ್ಣೆಯನ್ನು ರಬ್ಬರ್ ಹೀರಿಕೊಳ್ಳುತ್ತದೆ. ಹಾಗಾಗಿ ಹಚ್ಚಿದಾಗ ಪಕ್ಕದ ಚರ್ಮಕ್ಕೆ ಸರಿಹೊಂದಿದ್ದ ಬಣ್ಣ ಸ್ವಲ್ಪ ಹೊತ್ತಿನಲ್ಲೇ ಮಂಕಾಗಿ ಬೂದಿಬಣ್ಣಕ್ಕೆ ಇಳಿಯುತ್ತದೆ, ಪೊರೆಯೂ ಮೆತ್ತಗಾಗುತ್ತದೆ. ಇದಕ್ಕೆಂದೇ ಹರಳೆಣ್ಣೆಯ ಆಧಾರದ, ರಬ್ಬರ್ ಮಾಸ್ಕ್ ಗ್ರೀಸ್ ಪೇಂಟ್ ಎಂದು ಕರೆಯುವ ಬಣ್ಣಗಳಿವೆ. ಅಕ್ರಿಲಿಕ್ ಬಣ್ಣವನ್ನು ಪ್ರೋಸ್-ಏಯ್ಡ್ ಅಂಟಿನೊಂದಿಗೆ ಬೆರೆಸಿ ಹಚ್ಚುವ ಪ್ಯಾಕ್ಸ್ ಎಂಬ ವಿಧಾನವೂ ಇದೆ. ಅದನ್ನು ರೂಪಿಸಿದವರು ಅಮೆರಿಕದ ಪ್ರಸಾಧನಕಾರ ಡಿಕ್ ಸ್ಮಿತ್. ಇಷ್ಟೆಲ್ಲ ಒದಗದ ತಂಡಗಳು ಪೊರೆಯ ಮೇಲೆ ಹರಳೆಣ್ಣೆಯ ಅತಿ ತೆಳುವಾದ ಸವರು ಕೊಟ್ಟು, ಒರೆಸಿ, ಆಮೇಲೆ ಬಣ್ಣ ಹಚ್ಚಬಹುದು. ಇನ್ನು ಲ್ಯಾಟೆಕ್ಸ್‌ಗೇ ಬಣ್ಣ ಕಲಸುವವರು ಒಂದು ಮಾತು ನೆನಪಿಟ್ಟುಕೊಳ್ಳಬೇಕು: ಹಸಿಯಲ್ಲಿರುವ ಬಿಳುಪು ಒಣಗಿದಾಗ ಮಾಯವಾಗುವುದರಿಂದ ಬಣ್ಣ ಕಡುವಾಗುತ್ತದೆ, ಆದ್ದರಿಂದ ಬಟ್ಟಲಿನಲ್ಲಿ ತಿಳಿಯಾಗಿಯೇ ಇರಬೇಕು.

ಮುಪ್ಪು ತರಿಸುವ ಕೆಲಸದಲ್ಲಿ ನನ್ನ ಮೆಚ್ಚುಗೆ ಅರ್ಧಕ್ಕೆ ಇಳಿಯುತ್ತದೆ. ವಿಧಾನ ಸರಳವಾದದ್ದೇ. ಒಬ್ಬರು ಕೆನ್ನೆಯ ಅಥವಾ ಹಣೆಯ ಚರ್ಮವನ್ನು ಬೆರಳುಗಳಿಂದ ಬಿಗಿಯಾಗಿ ಎಳೆದು ಹಿಡಿಯುತ್ತಾರೆ, ಇನ್ನೊಬ್ಬರು ಸುಕ್ಕು ಬೀಳಬೇಕಾದ ದಿಕ್ಕಿಗೆ ಅಡ್ಡಲಾಗಿ ಎಳೆದ ಆ ಚರ್ಮದ ಮೇಲೆ ಒರಟು ಸ್ಪಂಜಿನಿಂದ ಲ್ಯಾಟೆಕ್ಸ್ ತಟ್ಟಿ, ಹೇರ್ ಡ್ರೈಯರ್‌ನ ತಣ್ಣನೆಯ ಗಾಳಿಯಲ್ಲಿ ಒಣಗಿಸಿ, ಪೌಡರ್ ಹಾಕುತ್ತಾರೆ. ಎಳೆದ ಕೈ ಬಿಟ್ಟಾಗ ಪೊರೆ ಚರ್ಮದೊಂದಿಗೆ ಕುಗ್ಗಿ ಸಣ್ಣ ಸಣ್ಣ ಸುಕ್ಕುಗಳಾಗಿ ನಿಲ್ಲುತ್ತದೆ. ಡಿಕ್ ಸ್ಮಿತ್ ಬಳಸುತ್ತಿದ್ದ ಮಿಶ್ರಣದಲ್ಲಿ ಲ್ಯಾಟೆಕ್ಸ್‌ಗೆ ಟಾಲ್ಕ್, ಪುಡಿಮಾಡಿದ ಪ್ಯಾನ್‌ಕೇಕ್ ಮತ್ತು ಬಿಸಿನೀರಿನಲ್ಲಿ ಕರಗಿಸಿದ ಜೆಲಟಿನ್ ಸೇರುತ್ತಿತ್ತು, ಅದರಿಂದ ರಬ್ಬರಿನ ಹೊಳಪು ತಗ್ಗಿ ಚರ್ಮದ ಮಾಸಲು ಬರುತ್ತದೆ. ತೊಂದರೆ ಇರುವುದು ನಮ್ಮ ಪಾತ್ರವರ್ಗದಲ್ಲಿ. ಕಾಲೇಜು ತಂಡಗಳಲ್ಲಿ ಭೀಷ್ಮ, ಧೃತರಾಷ್ಟ್ರರಾಗುವವರು ಇಪ್ಪತ್ತರ ಹುಡುಗರು; ಅವರ ಬಿಗಿಯಾದ ಚರ್ಮ ಎಳೆಯುವುದಕ್ಕೇ ಹೆಚ್ಚು ಬರುವುದಿಲ್ಲ, ಎಳೆದು ಬಿಟ್ಟರೆ ಸುಕ್ಕೂ ನಿಲ್ಲುವುದಿಲ್ಲ. ಚರ್ಮ ತುಸು ಸಡಿಲಾಗಿರುವ ನಲವತ್ತರ ಆಸುಪಾಸಿನವರ ಮೇಲೆ ಇದೇ ವಿಧಾನ ಬೆರಗು ಹುಟ್ಟಿಸುವಷ್ಟು ಚೆನ್ನಾಗಿ ಒದಗುತ್ತದೆ. ಮೇಲಾಗಿ, ಹತ್ತನೆಯ ಸಾಲಿನಿಂದಾಚೆಗೆ ಈ ಸೂಕ್ಷ್ಮ ಸುಕ್ಕು ಕಾಣುವುದೇ ಇಲ್ಲ. ದೊಡ್ಡ ಬಯಲು ರಂಗಮಂದಿರದಲ್ಲಿ ಪೆನ್ಸಿಲಿನ ಗೆರೆ, ನೆರಳು, ಬಿಳಿಗೂದಲುಗಳೇ ಹೆಚ್ಚು ಮುಪ್ಪನ್ನು ಹೇಳುತ್ತವೆ. ಕ್ಯಾಮೆರಾ ಹತ್ತಿರ ಬರುವ ಕಿರುಚಿತ್ರಕ್ಕಾದರೆ ಶ್ರಮ ಸಾರ್ಥಕ. ಕೈಗಳಿಗೆ ಮಾತ್ರ ಎಲ್ಲ ಸಂದರ್ಭದಲ್ಲಿಯೂ ಹಚ್ಚಬಹುದು. ಮುಷ್ಟಿ ಬಿಗಿಹಿಡಿದು ಬೆರಳ ಹಿಂಭಾಗಕ್ಕೆ ಲೇಪಿಸಿ ಒಣಗಿಸಿದರೆ, ಕೈ ಬಿಚ್ಚಿದಾಗ ಎಂಬತ್ತರ ಮುದುಕನ ಕೈ ಸಿದ್ಧವಾಗಿರುತ್ತದೆ.

ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದರ ಬಗ್ಗೆ ಬರೆದ ಸೂಚನೆಗಳು ಕರಾವಳಿಯಲ್ಲಿ ಕೈಕೊಡುತ್ತವೆ. ಸೀಸೆಯ ಮೇಲೆ ಕೆಲವು ನಿಮಿಷಗಳಲ್ಲಿ ಒಣಗುತ್ತದೆ ಎಂದಿರುತ್ತದೆ; ಧಾರವಾಡದ ಚಳಿಗಾಲದ ಒಣ ಗಾಳಿಯಲ್ಲಿ ಅದು ನಿಜ, ಮಂಗಳೂರಿನ ಜೂನ್ ತಿಂಗಳಲ್ಲಿ ಅದರ ಎರಡು ಮೂರು ಪಾಲು ಹೊತ್ತು ಬೇಕು. ಡ್ರೈಯರ್‌ನ ಬಿಸಿಗಾಳಿಯಿಂದ ಅವಸರಪಡಿಸಿದರೆ ಮೇಲ್ಪದರ ಮಾತ್ರ ಒಣಗಿ ಒಳಗಿನ ಹಸಿ ಹಾಗೆಯೇ ಉಳಿಯುತ್ತದೆ, ನಟನ ಮುಖವೂ ಬೆವರಲು ತೊಡಗುತ್ತದೆ. ಈ ಪೊರೆಯ ಮೂಲಕ ಬೆವರು ಹೊರಗೆ ಬರಲಾರದು. ಅದು ಪೊರೆಯ ಅಡಿಯಲ್ಲೇ ಸಂಗ್ರಹವಾಗಿ, ಮೊದಲು ತುಟಿಯ ಮೂಲೆಗಳಲ್ಲಿ, ಮೂಗಿನ ಪಕ್ಕದ ಮಡಿಕೆಗಳಲ್ಲಿ, ಆಮೇಲೆ ಹಣೆಯ ಮೇಲಂಚಿನಲ್ಲಿ ಪೊರೆಯನ್ನು ಎಬ್ಬಿಸುತ್ತದೆ. ಹ್ಯಾಲೊಜನ್ ದೀಪಗಳ ಎದುರು ಒಂದು ಗಂಟೆ ಮೀರಿದ ಪಾತ್ರಕ್ಕೆ ಮುಖದ ತುಂಬ ಲ್ಯಾಟೆಕ್ಸ್ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಗಾಯ, ಹುಣ್ಣು, ಒಂದು ಕೆನ್ನೆಯ ಕಲೆ, ಇಷ್ಟಕ್ಕೆ ನಿಲ್ಲಿಸಿ, ಅಂಚುಗಳಿಗೆ ಮಾತ್ರ ಅಂಟು ಸವರಿಕೊಂಡರೆ ಪ್ರದರ್ಶನ ಮುಗಿಯುವವರೆಗೆ ಬಾಳುತ್ತದೆ.

ಕೂದಲಿಗೂ ಇದಕ್ಕೂ ಆಗಿಬರುವುದಿಲ್ಲ. ಹುಬ್ಬಿಗೆ, ರೆಪ್ಪೆಗೆ, ಮುಂಗೈ ರೋಮಕ್ಕೆ ತಾಗಿ ಒಣಗಿದರೆ ಕೂದಲು ಪೊರೆಯೊಳಗೆ ಸೇರಿಕೊಂಡು, ಕೀಳುವಾಗ ಬೇರುಸಹಿತ ಬರುತ್ತದೆ. ಹುಬ್ಬಿನ ಮೇಲೆ ಹಚ್ಚಲೇಬೇಕಾದರೆ ಮೊದಲು ಅದನ್ನು ಸಾಬೂನಿನಿಂದಲೋ ಗ್ಲೂ ಸ್ಟಿಕ್‌ನಿಂದಲೋ ಹಣೆಗೆ ಒತ್ತಿ ಮಲಗಿಸಿ, ಒಣಗಿಸಿ ಮುಚ್ಚಬೇಕು; ಕೈಯ ರೋಮಕ್ಕೆ ಹಿಂದಿನ ದಿನವೇ ಕ್ಷೌರ ಮಾಡಿಸಿಕೊಳ್ಳುವುದು ಒಳ್ಳೆಯದು. ಬ್ರಷ್‌ನ್ನು ಸಾಬೂನು ನೀರಿನಲ್ಲಿ ಅದ್ದದೆ ಲ್ಯಾಟೆಕ್ಸ್‌ಗೆ ಇಳಿಸಿದರೆ ಆ ಬ್ರಷ್ ಮುಗಿದಂತೆ, ಆದ್ದರಿಂದ ಎಸೆಯಬಹುದಾದ ಸ್ಪಂಜೇ ವಾಸಿ. ಬಟ್ಟೆಯ ಮೇಲೆ ಬಿದ್ದು ಒಣಗಿದ್ದು ತೊಳೆದರೆ ಹೋಗುವುದಿಲ್ಲ; ಬಾಡಿಗೆಗೆ ತಂದ ಜರತಾರಿ ಅಂಗಿ ತೊಡಿಸುವ ಮೊದಲೇ ಲ್ಯಾಟೆಕ್ಸ್‌ನ ಕೆಲಸ ಮುಗಿದಿರಬೇಕು. ತಾಮ್ರ, ಹಿತ್ತಾಳೆಯ ಒಡವೆಗಳು ತಾಗಿದಲ್ಲಿ ರಬ್ಬರ್ ಕಂದಿ ಬೇಗ ಕೆಡುತ್ತದೆ ಎಂಬುದು ಪೌರಾಣಿಕ ನಾಟಕದವರಿಗೆ ತಿಳಿದಿರಲಿ.

ಇನ್ನು ಅಲರ್ಜಿ. ಇದನ್ನು ಸೀಸೆಯ ಹಿಂಬದಿಯ ಸಣ್ಣ ಅಕ್ಷರಗಳಿಗೆ ಬಿಟ್ಟುಬಿಡುವಂತಿಲ್ಲ. ರಬ್ಬರ್ ಹಾಲಿನ ಪ್ರೋಟೀನುಗಳಿಗೆ ಕೆಲವರ ದೇಹ ಉಗ್ರವಾಗಿ ಪ್ರತಿಕ್ರಿಯಿಸುತ್ತದೆ: ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು ಏಳುವುದು, ತುಟಿ ಮತ್ತು ಕಣ್ಣು ಊದಿಕೊಳ್ಳುವುದು, ಉಸಿರು ಕಟ್ಟುವುದು, ವಿರಳವಾಗಿ ಪ್ರಾಣಕ್ಕೇ ಅಪಾಯವಾಗುವುದು. 1980ರ ದಶಕದ ಕೊನೆಯಿಂದ ಆಸ್ಪತ್ರೆಗಳಲ್ಲಿ ರಬ್ಬರ್ ಕೈಗವಸುಗಳ ಬಳಕೆ ಏರಿದಂತೆ ಈ ಅಲರ್ಜಿಯೂ ವೈದ್ಯಕೀಯ ಸಿಬ್ಬಂದಿಯಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿತು. ಕೈಗವಸಿನೊಳಗಿನ ಪುಡಿ ಆ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ಹರಡುತ್ತದೆ ಎಂಬುದೂ ಸೇರಿದಂತೆ ಹಲವು ಕಾರಣಗಳಿಗಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪುಡಿ ಹಾಕಿದ ಕೈಗವಸುಗಳನ್ನು 2017ರ ಜನವರಿಯಿಂದ ನಿಷೇಧಿಸಿತು. ನಾವು ಗ್ರೀನ್ ರೂಮಿನಲ್ಲಿ ಒಣಗಿದ ಲ್ಯಾಟೆಕ್ಸ್ ಮೇಲೆ ಪೌಡರ್ ಉದುರಿಸಿ ಕೊಡವುವುದೂ ಅದೇ ಬಗೆಯ ಕೆಲಸವಾದ್ದರಿಂದ, ಹಚ್ಚಿಸಿಕೊಳ್ಳುವವರನ್ನಷ್ಟೇ ಅಲ್ಲದೆ ಕೋಣೆಯಲ್ಲಿರುವ ಎಲ್ಲರನ್ನೂ ಕೇಳಬೇಕಾಗುತ್ತದೆ.

ಕೇಳಬೇಕಾದದ್ದು ಇಷ್ಟು. ಬಲೂನು ಊದಿದಾಗ ತುಟಿ ತುರಿಸುತ್ತದೆಯೇ, ರಬ್ಬರ್ ಕೈಗವಸಿನಿಂದ ಕೈ ಕೆಂಪಾಗಿದ್ದುಂಟೇ, ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು ತಿಂದಾಗ ಬಾಯಿ ನವೆಯಾಗುತ್ತದೆಯೇ, ಉಬ್ಬಸ ಇದೆಯೇ, ಚಿಕ್ಕಂದಿನಲ್ಲಿ ಹಲವು ಶಸ್ತ್ರಚಿಕಿತ್ಸೆಗಳಾಗಿವೆಯೇ. ಈ ಹಣ್ಣುಗಳ ಕೆಲವು ಪ್ರೋಟೀನುಗಳು ಲ್ಯಾಟೆಕ್ಸ್‌ನವನ್ನು ಹೋಲುವುದರಿಂದ ಒಂದರ ಅಲರ್ಜಿ ಇದ್ದವರಿಗೆ ಇನ್ನೊಂದರದೂ ಇರಬಹುದು. ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಒಳಗಾದವರ ದೇಹಕ್ಕೆ ರಬ್ಬರಿನ ಸಂಪರ್ಕ ಮೊದಲೇ ಆಗಿರುತ್ತದೆ. ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಪರೀಕ್ಷೆಗೆಂದೂ ಒಂದು ಹನಿ ಹಚ್ಚಬಾರದು. ಎಲ್ಲಕ್ಕೂ ಇಲ್ಲ ಎಂದವರಿಗೆ ಒಳತೋಳಿನ ಮೇಲೆ ನಾಣ್ಯದಗಲ ಹಚ್ಚಿ, ತೆಗೆದು, ಎರಡು ದಿನ ಗಮನಿಸಿದ ಮೇಲೆಯೇ ಮುಖದ ಮಾತು. ಅಮೋನಿಯಾದ ಕಾರಣಕ್ಕೆ ಕಿಟಕಿ ತೆರೆದಿರಬೇಕು, ಕಾಂಟ್ಯಾಕ್ಟ್ ಲೆನ್ಸ್ ತೆಗೆದಿರಬೇಕು, ಕಣ್ಣಿನ ಸುತ್ತ ಮತ್ತು ತುಟಿಯ ಕೆಂಪು ಭಾಗಕ್ಕೆ ಹಚ್ಚುವುದು ಸರ್ವಥಾ ಸಲ್ಲದು. ಇಷ್ಟು ಕೇಳುವುದಕ್ಕೆ ಪುರುಸೊತ್ತಿಲ್ಲದ ತಂಡಕ್ಕೆ ನಾನು ಈ ಸೀಸೆಯನ್ನು ಶಿಫಾರಸು ಮಾಡುವುದಿಲ್ಲ.

ತೆಗೆಯುವುದು ಸುಲಭ, ಅವಸರ ಮಾಡದಿದ್ದರೆ. ಅಂಚೊಂದನ್ನು ಎಬ್ಬಿಸಿ ಎಣ್ಣೆ ಇಳಿಬಿಟ್ಟರೆ ರಬ್ಬರ್ ಮೆತ್ತಗಾಗಿ ಚರ್ಮವನ್ನು ಬಿಡುತ್ತದೆ, ಆಮೇಲೆ ಉಗುರುಬೆಚ್ಚನೆಯ ಸಾಬೂನು ನೀರು ಸಾಕು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣಗಳ ಉಬ್ಬು ಚುಕ್ಕೆಗಳಾದ ಚುಟ್ಟಿಯನ್ನು ಗಂಟೆಗಟ್ಟಲೆ ಕೂತು ಮುಖದ ಮೇಲೆ ಕಟ್ಟಿ, ಬೆಳಗಾದ ಮೇಲೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಬಣ್ಣ ತೆಗೆಯಲು ಬಳಸುವ ತೆಂಗಿನೆಣ್ಣೆಯೇ ಇಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ದುಬಾರಿ ರಿಮೂವರ್ ಕೊಳ್ಳುವ ಅಗತ್ಯ ನನಗೆ ಬಂದಿಲ್ಲ.

ಬದಲಿಗೆ ಏನು ಕೊಳ್ಳಬಹುದು ಎಂದು ಕೇಳುವವರಿಗೆ ಎರಡು ಹೆಸರು ಹೇಳಬಹುದು. ಅಲರ್ಜಿಯ ಭಯವಿದ್ದಲ್ಲಿ ಗ್ಲಿಸರಿನ್, ನೀರು ಸೇರಿಸಿ ಬಿಸಿಮಾಡಿದ ಜೆಲಟಿನ್ ಅಗ್ಗದ ದಾರಿ. ಬೆಳಕು ಒಳಗೆ ಇಳಿಯುವುದರಿಂದ ಅದು ಚರ್ಮಕ್ಕೆ ಹೆಚ್ಚು ಹತ್ತಿರವಾಗಿ ಕಾಣುತ್ತದೆ, ಸುಟ್ಟ ಗಾಯಕ್ಕಂತೂ ಬಹಳ ಸೊಗಸು. ಆದರೆ ರಂಗದ ದೀಪಗಳ ಬಿಸಿಗೂ ಬೆವರಿಗೂ ಕರಗುತ್ತದೆ, ಹಚ್ಚುವಾಗಿನ ಶಾಖದ ಬಗ್ಗೆ ಎಚ್ಚರ ಬೇಕು, ಪ್ರಾಣಿಮೂಲದ್ದೆಂದು ಒಲ್ಲೆನ್ನುವವರೂ ಇದ್ದಾರೆ. ಚರ್ಮಕ್ಕೆ ಹಚ್ಚುವ ಎರಡು ಭಾಗಗಳ ಸಿಲಿಕೋನ್ ಎಲ್ಲ ರೀತಿಯಲ್ಲೂ ಮೇಲಿನದು, ಬೆಲೆಯಲ್ಲಿಯೂ. ಕ್ಯಾಮೆರಾದ ಹತ್ತಿರದ ನೋಟಕ್ಕೆ ಕೆಲಸ ಮಾಡುವವರು ಅದಕ್ಕೇ ಹೋಗಲಿ. ವರ್ಷಕ್ಕೆ ಒಂದೆರಡು ನಾಟಕ, ಒಂದೆರಡು ಶಿಬಿರ ಎಂದಿರುವ ತಂಡಕ್ಕೆ ಪ್ರಸಾಧನದ ಲ್ಯಾಟೆಕ್ಸ್‌ನ ಅತಿ ಚಿಕ್ಕ ಸೀಸೆಯೇ ಸರಿಯಾದ ಖರೀದಿ.

ಚಿಕ್ಕದು ಎಂದು ಒತ್ತಿ ಹೇಳುವುದಕ್ಕೆ ಕಾರಣ, ತೆರೆದ ಸೀಸೆ ನಮ್ಮ ಸೆಕೆಯಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಪ್ರತಿಸಲವೂ ಬಾಯಂಚನ್ನು ಒರೆಸಿ ಬಿಗಿಯಾಗಿ ಮುಚ್ಚಬೇಕು, ಇಲ್ಲವಾದರೆ ಮುಚ್ಚಳವೇ ರಬ್ಬರಿನಲ್ಲಿ ಹೂತುಹೋಗುತ್ತದೆ. ಬಟ್ಟಲಿನಲ್ಲಿ ಉಳಿದದ್ದನ್ನು ಮರಳಿ ಸೀಸೆಗೆ ಸುರಿಯಬಾರದು. ನೆರಳಿನಲ್ಲಿ, ತಂಪಾದ ಕಡೆ ಇಡಬೇಕು, ಆದರೆ ಫ್ರೀಜರಿನಲ್ಲಿಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ. ಮಿಕ್ಕಿದ್ದನ್ನು ಸಿಂಕಿಗೆ ಸುರಿದವರು ಆಮೇಲೆ ಪ್ಲಂಬರನ್ನು 	ಹುಡುಕಬೇಕಾಗುತ್ತದೆ, ಏಕೆಂದರೆ ಅದು ಕೊಳವೆಯೊಳಗೇ ಗಟ್ಟಿಯಾಗಿ ಕೂರುತ್ತದೆ. ಹಳೆಯ ತಟ್ಟೆಯೊಂದರಲ್ಲಿ ತೆಳ್ಳಗೆ ಹರಡಿ ಒಂದು ದಿನ ಬಿಟ್ಟರೆ ಹಾಳೆಯಾಗಿ ಕಿತ್ತುಬರುತ್ತದೆ. ಅದನ್ನು ಒಣ ಕಸಕ್ಕೆ ಹಾಕಬಹುದು.